ಕೈಗೆ ಗೊತ್ತಿದ್ದದ್ದು

ಅವರು ನಮ್ಮ ಆಫೀಸಿಗೆ ಮೊದಲ ಸಲ ಬಂದದ್ದು ಏರ್ ಬೆಡ್ ವಾಪಸು ಕೊಡಲಿಕ್ಕೆ. ಹೆಂಡತಿಯ ಉತ್ತರಕ್ರಿಯೆ ಮುಗಿದ ಮರುದಿನ ಇರಬೇಕು. ಬೆಡ್ಡನ್ನು ತೊಳೆದು, ಒಣಗಿಸಿ, ಅಂಗಡಿಯಿಂದ ಆಗಷ್ಟೇ ತಂದಂತೆ ಮಡಚಿ, ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದು ನಾವು ಯಾರೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿ ಅಂದು ಯಾರೂ ಇರಲಿಲ್ಲ.

ಕಂಕನಾಡಿಯ ಒಂದು ಮೆಡಿಕಲ್ ಶಾಪಿನ ಮಾಳಿಗೆಯಲ್ಲಿ ನಮ್ಮ ಟ್ರಸ್ಟಿನ ಆಫೀಸು. ಇನ್ನು ಮಾಡುವುದು ಏನೂ ಇಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ರೋಗಿಗಳನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವುದು ನಮ್ಮ ಕೆಲಸ. ಹುಣ್ಣು ತೊಳೆಯುವುದು, ಟ್ಯೂಬ್ ಬದಲಿಸುವುದು, ಮಾರ್ಫಿನ್ ಮಾತ್ರೆ ಕೊಟ್ಟು ನೋವು ಹಿಡಿತದಲ್ಲಿ ಇಡುವುದು. ನಾನು ಅಲ್ಲಿ ನರ್ಸ್. ಅವರ ಹೆಂಡತಿಯನ್ನು ಕುಲಶೇಖರದ ಮನೆಯಲ್ಲಿ ಒಂದಿಡೀ ಮಳೆಗಾಲ ನೋಡಿಕೊಂಡವಳು ನಾನೇ. ಆ ದಿನಗಳಲ್ಲಿ ಅವರು ಹೆಚ್ಚು ಮಾತಾಡಿದ್ದಿಲ್ಲ. ಬಿಸಿನೀರು ತಂದಿಡುತ್ತಿದ್ದರು, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು.

ಅಂದು ನಮ್ಮ ಕಂಪ್ಯೂಟರಿನಲ್ಲಿ ರೋಗಿಗಳ ವಿವರ ತೆರೆಯುತ್ತಿರಲಿಲ್ಲ. ಆ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯವರು ವರ್ಷಕ್ಕೊಮ್ಮೆ ಹೊಸ ಕೋಡ್ ಕಳಿಸಬೇಕು, ನಾವು ಹಾಕಬೇಕು. ಇಲ್ಲದಿದ್ದರೆ ಅದು ಮುಚ್ಚಿಕೊಳ್ಳುತ್ತದೆ. ಆ ವರ್ಷ ಕೋಡ್ ಬರಲಿಲ್ಲ. ಕಂಪನಿಯೇ ಇಲ್ಲದಾಗಿತ್ತು. ನಮ್ಮ ಕಾರ್ಯದರ್ಶಿಗಳು, ಬ್ಯಾಂಕಿನಿಂದ ನಿವೃತ್ತರಾದವರು, ಬೆಳಿಗ್ಗೆಯಿಂದ ಅದೇ ಸತ್ತ ನಂಬರಿಗೆ ಫೋನ್ ಮಾಡುತ್ತ ಕೂತಿದ್ದರು.

"ಎಂತ ಆಯ್ತು ಸಿಸ್ಟರ್?" ಎಂದು ಅವರು ಬಾಗಿಲಿನಿಂದಲೇ ಕೇಳಿದರು. ನಾನು ಹೇಳಿದೆ. ಬೆಡ್ಡನ್ನು ಬೆಂಚಿನ ಮೇಲಿಟ್ಟು, ಕರ್ಚೀಫಿನಿಂದ ಕೈ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕೂತರು. ಗಲ್ಫಿನ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರಿನದ್ದೇ ಕೆಲಸ ಮಾಡಿಕೊಂಡಿದ್ದವರು, ಹೆಂಡತಿಗೆ ಕಾಯಿಲೆ ಎಂದು ಬಿಟ್ಟು ಬಂದವರು ಎಂದು ನಮಗೆ ಆಮೇಲೆ ತಿಳಿಯಿತು. ಕೆಲವು ದಿನ ಹೆಣಗಾಡಿ ಒಳಗಿದ್ದ ವಿವರವನ್ನೆಲ್ಲ ಹೊರಗೆ ತೆಗೆದರು. "ಬೀಗ ಬಾಗಿಲಿಗೆ ಮಾತ್ರ ಹಾಕಿದ್ದು ಅವರು. ಗೋಡೆ ಗಟ್ಟಿ ಇರಲಿಲ್ಲ" ಎಂದರು. ಅಂದಿನಿಂದ ಅವರು ನಮ್ಮವರಾದರು. ನಾವೆಲ್ಲ ಅಣ್ಣ ಎಂದೆವು.

ಓಪನ್ ಸೋರ್ಸ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವರಿಂದ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗೆ ಉಂಟು ಎಂದು ನೋಡಬಹುದು, ನಮಗೆ ಬೇಕಾದ ಹಾಗೆ ಬದಲಿಸಬಹುದು. ಅಂಥ ಒಂದು ಸಾಫ್ಟ್‌ವೇರನ್ನು ನಮ್ಮ ಕೆಲಸಕ್ಕೆ ಕೂಡಿಸಿಕೊಟ್ಟರು. ಕಮಿಟಿಯಲ್ಲಿ ಯಾರೋ "ಪುಕ್ಕಟೆಯದ್ದಾ?" ಎಂದು ಕೇಳಿದಾಗ ಅವರಿಗೆ ಬೇಸರವಾಯಿತು.

"ಪುಕ್ಕಟೆ ಅಂತ ಅಲ್ಲ. ಇಷ್ಟು ದಿನ ನೀವು ಟ್ಯಾಂಕರ್ ಕಾದು ಕೂತವರು. ಬಂದರೆ ನೀರು, ಬಾರದಿದ್ದರೆ ಇಲ್ಲ. ಇದು ನಮ್ಮ ಅಂಗಳದ್ದೇ ಬಾವಿ. ಆದರೆ ಬಾವಿ ಅಂದ ಮೇಲೆ ಯಾರಾದರೂ ಇಳಿದು ಕೆಸರು ತೆಗೀಬೇಕು. ಅದನ್ನು ಈಗಲೇ ಹೇಳ್ತೇನೆ."

ಎಲ್ಲರೂ ತಲೆಯಾಡಿಸಿದೆವು. ಇಳಿಯುವವರು ಅವರೇ ಎಂದು ಎಲ್ಲರಿಗೂ ಗೊತ್ತಿತ್ತು.

ಪರದೆಯ ಮೇಲೆ ಏನು ಎಲ್ಲಿ ಇರಬೇಕು ಎಂದು ತಿಳಿಯಲಿಕ್ಕೆ ಅವರು ನಮ್ಮ ಜೊತೆ ವ್ಯಾನಿನಲ್ಲಿ ಬರತೊಡಗಿದರು. ಡ್ರೈವರ್ ದಿನೇಶನ ಪಕ್ಕ ಕೂರುವುದು. ನಾವು ಒಳಗೆ ರೋಗಿಯನ್ನು ನೋಡುವಷ್ಟು ಹೊತ್ತು ಜಗಲಿಯಲ್ಲಿ ಮನೆಯವರ ಹತ್ತಿರ ಮಾತಾಡುವುದು. ಪಡುಮನೆಯ ಮುದುಕಿಗೆ ಮೀನು ಹುರಿಯುವ ವಾಸನೆ ಬಂದರೆ ವಾಂತಿ ಬರುತ್ತದೆ, ಇನ್ನೊಬ್ಬರಿಗೆ ಮಗನ ಎದುರು ಬಟ್ಟೆ ಬದಲಿಸಿದರೆ ಅಳು ಬರುತ್ತದೆ. ಇಂಥದ್ದನ್ನು ಬರೆಯಲಿಕ್ಕೆ ಹಳೆಯ ಸಾಫ್ಟ್‌ವೇರಿನಲ್ಲಿ ಜಾಗವೇ ಇರಲಿಲ್ಲ. ನಾನು ಒಮ್ಮೆ ಹಾಗೆ ಗೊಣಗಿದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಪ್ರತಿ ರೋಗಿಯ ಹೆಸರಿನ ಕೆಳಗೆ 'ಮನೆಯ ಮಾತು' ಎಂಬ ಒಂದು ಜಾಗ ಬಂದಿತ್ತು.

"ಬರೀರಿ ಸಿಸ್ಟರ್. ಎಷ್ಟು ಬೇಕಾದರೂ ಬರೀರಿ. ಮುಂದಿನ ಸಲ ಬೇರೆ ಸಿಸ್ಟರ್ ಹೋದರೆ ಅವರಿಗೂ ಗೊತ್ತಾಗಬೇಕಲ್ಲ."

ನಮ್ಮ ಟ್ರಸ್ಟ್ ಒಂದಕ್ಕೇ ಅವರು ನಿಲ್ಲಲಿಲ್ಲ. ತಮ್ಮ ಮನೆ ಹತ್ತಿರದ ಭಜನಾ ಮಂದಿರದವರ ಹಳೆಯ ಕಂಪ್ಯೂಟರಿಗೂ ಇಂಥ ಓಪನ್ ಸೋರ್ಸ್ ಸಾಫ್ಟ್‌ವೇರುಗಳನ್ನು ಹಾಕಿಕೊಟ್ಟರು. ವಾರ್ಷಿಕ ಪೂಜೆಯ ಆಮಂತ್ರಣವನ್ನು ಅದರಲ್ಲೇ ಬರೆದು ಪ್ರೆಸ್ಸಿಗೆ ಕಳಿಸಿದರೆ, ಪ್ರೆಸ್ಸಿನವರ ಹಳೇ ಕಾಲದ ಫಾಂಟಿಗೆ ಅದು ಹೊಂದಲಿಲ್ಲ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಅಧ್ಯಕ್ಷರ ಹೆಸರೇ ಓದಲಿಕ್ಕೆ ಬಾರದ ಹಾಗೆ ಅಚ್ಚಾಗಿ ಬಂತು. ಅಧ್ಯಕ್ಷರು ಎಲ್ಲರ ಎದುರು, "ನಿಮ್ಮ ಪ್ರಯೋಗಕ್ಕೆ ದೇವರ ಕೆಲಸವೇ ಬೇಕಿತ್ತಾ?" ಎಂದು ಕೇಳಿದರು. ಇವರು ಆಮಂತ್ರಣದ ಪ್ರತಿ ಹಿಡಿದು ಹೊರಟರು. ಪ್ರೆಸ್ಸಿನಲ್ಲೇ ಕೂತು ಇಡೀ ಆಮಂತ್ರಣವನ್ನು ಅವರ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿಕೊಟ್ಟು ಬಂದರು. ಮಂದಿರದವರು ಹಳೆಯದಕ್ಕೇ ಹೋದರು.

ಇನ್ನೂ ಒಂದೆರಡು ಕಡೆ ಹೀಗೇ ಆಯಿತು. ಅವರು ಕಲಿಸಿದ್ದು ನೆಲೆ ನಿಂತದ್ದು ಕುಲಶೇಖರದ ಒಂದು ಚಿಕ್ಕ ಇಗರ್ಜಿಯ ಆಫೀಸಿನಲ್ಲಿ ಮಾತ್ರ. ಅಲ್ಲಿ ಫ್ಲೇವಿ ಬಾಯಿ ಎಂಬ ಕ್ಲರ್ಕ್ ಇದ್ದರು. ಜ್ಞಾನಸ್ನಾನ, ಮದುವೆ, ಮರಣ ಎಲ್ಲವನ್ನೂ ಬರೆದಿಡುವವರು. "ನಾನು ಮಾಡ್ತೇನೆ, ನೀವು ಕೈ ಕಟ್ಟಿ ನೋಡಿ" ಎಂದು ಅಣ್ಣನನ್ನು ಹಿಂದೆ ಕೂರಿಸಿ ತಾವೇ ಎಲ್ಲ ಕಲಿತರಂತೆ. ಅವರ ಮಾತು ಬಂದಾಗ ಅಣ್ಣನ ಮುಖ ಅರಳುತ್ತಿತ್ತು. "ಆ ಫ್ಲೇವಿ ಬಾಯಿಗೆ ಇನ್ನು ನಾನು ಬೇಡ ಮಾರಾಯ" ಎಂದು ದಿನೇಶನಿಗೆ ಹೇಳುತ್ತಿದ್ದರು. ಅದು ಅವರ ದೊಡ್ಡ ಹೊಗಳಿಕೆ.

ನಮಗೆ ಮಾತ್ರ ಅವರು ಬೇಕಾಗಿಯೇ ಉಳಿದರು.

ಒಂದು ಬೆಳಿಗ್ಗೆ ಆಫೀಸಿನ ಬೀಗ ಮುರಿದಿತ್ತು. ಹಳೆಯ ಕಂಪ್ಯೂಟರೊಂದು ಹೋಗಿತ್ತು. ನಮಗೆ ಅಷ್ಟೇ ಹೋಯಿತಲ್ಲ ಎಂಬ ಸಮಾಧಾನ, ಅವರಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ನಮ್ಮ ರೋಗಿಗಳಲ್ಲಿ ಕಾಯಿಲೆಯ ಹೆಸರನ್ನು ಪಕ್ಕದ ಮನೆಯವರಿಗೂ ಹೇಳದವರು ಇದ್ದರು. ಮಗಳ ಮದುವೆ ಮಾತು ನಡೆಯುತ್ತಿದೆ, ವ್ಯಾನನ್ನು ರಸ್ತೆಯಲ್ಲೇ ನಿಲ್ಲಿಸಿ ಎಂದು ಕೈ ಮುಗಿದವರು ಇದ್ದರು. "ಕಳ್ಳನಿಗೆ ಕಬ್ಬಿಣ ಸಿಗಲಿ. ಹೆಸರು ಸಿಗಬಾರದು" ಎಂದು ಅವರು ಉಳಿದ ಕಂಪ್ಯೂಟರಿನ ಡಿಸ್ಕಿಗೂ, ಅದರ ನಕಲು ಇಟ್ಟ ಡಿಸ್ಕಿಗೂ ಒಂದು ಉದ್ದದ ಪಾಸ್‌ವರ್ಡ್ ಹಾಕಿದರು. ಅದು ಇಲ್ಲದೆ ಯಾರೂ, ಎಷ್ಟು ಬುದ್ಧಿವಂತರಾದರೂ, ಒಳಗೆ ಹೋಗಲಾಗದು. ಈ ಸಲ ಗೋಡೆಯೂ ಗಟ್ಟಿಯಾಗಿತ್ತು.

ಆ ಪಾಸ್‌ವರ್ಡನ್ನು ಇನ್ನೂ ಒಬ್ಬಿಬ್ಬರು ನೆನಪಿಟ್ಟುಕೊಳ್ಳಬೇಕು ಎಂದು ಅವರು ಕಮಿಟಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕಾರ್ಯದರ್ಶಿಗಳು, "ನೀವೇ ಇಟ್ಕೊಳ್ಳಿ ಮಾರಾಯ್ರೆ. ನಮ್ಮ ತಲೆಯಲ್ಲಿ ಎಂತ ನಿಲ್ತದೆ?" ಎಂದು ನಕ್ಕರು. "ಹಾಗಲ್ಲ, ಒಂದು ದಿನ ಕೂತು ಮಾಡುವ" ಎಂದರು ಇವರು. ಆ ಒಂದು ದಿನ ಬರಲೇ ಇಲ್ಲ. ಕಂಪ್ಯೂಟರ್ ಆಫ್ ಆಗಿ ಆನ್ ಆದಾಗಲೆಲ್ಲ ಅವರು ಬಂದು, ಕರ್ಚೀಫಿನಲ್ಲಿ ಕೈ ಒರೆಸಿಕೊಂಡು, ನಮ್ಮ ಹತ್ತಿರ ಮಾತಾಡುತ್ತಲೇ ಟೈಪ್ ಮಾಡುತ್ತಿದ್ದರು. ಕೀಲಿಗಳನ್ನು ನೋಡುತ್ತಲೂ ಇರಲಿಲ್ಲ.

ಮೊದಲು ತಪ್ಪಿದ್ದು ಮಾತು. ಬನ್ಸ್ ತಿನ್ನುವಾಗ ಅದರ ಹೆಸರು ಬಾರದೆ "ಇದು, ಇದು" ಎಂದರು. ನಾವು ನಕ್ಕೆವು, ಅವರೂ ನಕ್ಕರು. ಆಮೇಲೆ ಒಂದು ದಿನ ಬಸ್ಸಿನಿಂದ ಇಳಿದು ಆಫೀಸಿನ ದಾರಿ ತಿಳಿಯದೆ ಕಂಕನಾಡಿ ಮಾರ್ಕೆಟಿನಲ್ಲಿ ನಿಂತಿದ್ದರು. ದಿನೇಶ ಕಂಡು ಕರೆತಂದ. ಸ್ಕ್ಯಾನ್ ಮಾಡಿಸಿದಾಗ ಮೆದುಳಿನಲ್ಲಿ ಗಡ್ಡೆ. ಆಪರೇಷನ್ ಮಾಡುವ ಜಾಗವಲ್ಲ ಎಂದರು ಡಾಕ್ಟರು. ಅವರ ತಂಗಿ ಬಂದು ಮನೆಯಲ್ಲಿ ನಿಂತರು. ಅವರ ವಿವರವನ್ನು ಅವರೇ ಕೂಡಿಸಿಕೊಟ್ಟ ಸಾಫ್ಟ್‌ವೇರಿನಲ್ಲಿ ಹೊಸ ರೋಗಿ ಎಂದು ಹಾಕಿದವಳು ನಾನು. 'ಮನೆಯ ಮಾತು' ಎಂಬಲ್ಲಿಗೆ ಬಂದಾಗ ಏನು ಬರೆಯುವುದೆಂದು ತೋಚದೆ ಖಾಲಿ ಬಿಟ್ಟೆ.

ಪಾಸ್‌ವರ್ಡಿನ ಮಾತನ್ನು ಆಗಲೇ ಎತ್ತಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಸಾಯುತ್ತಾರೆ ಎಂದು ಆಗಷ್ಟೇ ತಿಳಿದವರ ಹತ್ತಿರ ಹೋಗಿ ಅದನ್ನು ಕೇಳುವ ಮನಸ್ಸು ಯಾರಿಗಿತ್ತು? ಕಂಪ್ಯೂಟರ್ ಆನ್ ಇತ್ತು, ಕೆಲಸ ನಡೆಯುತ್ತಿತ್ತು.

ಮಳೆಗಾಲದ ಮೊದಲ ಸಿಡಿಲಿಗೆ ಕರೆಂಟ್ ಹೋಯಿತು. ಬಹಳ ಹೊತ್ತು ಬರಲಿಲ್ಲ. ಬ್ಯಾಟರಿಯೂ ಇಳಿಯಿತು. ಕರೆಂಟ್ ಬಂದ ಮೇಲೆ ನೋಡಿದರೆ ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಒಂದು ಸಾಲು.

ದಿನೇಶ ವ್ಯಾನ್ ತೆಗೆದುಕೊಂಡು ಹೋಗಿ ಅವರನ್ನು ಕರೆತಂದ. ಮೆಟ್ಟಿಲು ಹತ್ತಿಸುವಾಗ ಇಬ್ಬರು ಹಿಡಿಯಬೇಕಾಯಿತು. ಕುರ್ಚಿಯಲ್ಲಿ ಕೂತರು. ಕರ್ಚೀಫಿಗಾಗಿ ತಡಕಾಡಿದರು, ತಂಗಿ ಕೊಟ್ಟರು. ಕೈ ಒರೆಸಿಕೊಂಡು ಕೀಬೋರ್ಡಿನ ಮೇಲಿಟ್ಟರು.

"ತಲೆಗೆ ನೆನಪಿಲ್ಲ ಸಿಸ್ಟರ್. ಕೈಗೆ ಗೊತ್ತುಂಟು. ನೀವು ಎಂತಾದರೂ ಮಾತಾಡಿ" ಎಂದರು.

ನಾನು ಮಾತಾಡಿದೆ. ಮಳೆ ಬೇಗ ಬಂತು, ಉಳ್ಳಾಲದ ಕಡೆ ಕಡಲು ಜೋರಾಗಿದೆಯಂತೆ, ಹೀಗೆ ಬಾಯಿಗೆ ಬಂದದ್ದು. ಅವರ ಎಡಗೈ ಓಡಿತು. ಬಲಗೈಯ ಬೆರಳುಗಳು ಏಳಲಿಲ್ಲ. ಗಡ್ಡೆ ಆ ಕೈಯ ಶಕ್ತಿಯನ್ನು ಅಷ್ಟರಲ್ಲೇ ತಿಂದಿತ್ತು. ಒಂದು ಬೆರಳು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿತು. ತಪ್ಪು ಎಂದಿತು ಪರದೆ. ಮತ್ತೆ ಹಾಕಿದರು. ತಪ್ಪು. ಎಡಗೈ ತನ್ನ ಪಾಲನ್ನು ಮಾಡಿ ಬಲಗೈಗಾಗಿ ಕಾಯುತ್ತಿತ್ತು, ಬಲಗೈ ಬರುತ್ತಿರಲಿಲ್ಲ. ನಾನು ಮಾತಾಡುತ್ತಲೇ ಇದ್ದೆ. ಏನು ಮಾತಾಡುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಕೊನೆಗೆ ಅವರು ಎಡಗೈಯಿಂದ ಬಲಗೈಯ ಬೆರಳನ್ನು ಹಿಡಿದು ಒಂದೊಂದೇ ಕೀಲಿಯ ಮೇಲೆ ಇಡಲು ನೋಡಿದರು. ಎಲ್ಲಿ ಇಡಬೇಕೆಂದು ಎಡಗೈಗೆ ತಿಳಿಯಲಿಲ್ಲ. ತಂಗಿ ಮುಖ ತಿರುಗಿಸಿಕೊಂಡರು.

ನಾವು ಬಿಡಲಿಲ್ಲ. ಹಾಸಿಗೆಯ ಮೇಲೆ ಒಂದು ಕೀಬೋರ್ಡ್ ಇಟ್ಟು, ಕೈಗೆ ಫಿಸಿಯೋಥೆರಪಿ ಮಾಡಿಸಿ, ಬೆಳಿಗ್ಗೆ ಅವರು ಚುರುಕಾಗಿ ಇರುವ ಹೊತ್ತು ನೋಡಿ ಪ್ರಯತ್ನಿಸಿದೆವು. ದಿನೇಶ ಹರಕೆಯನ್ನೂ ಹೇಳಿಕೊಂಡ. ಅವರು ಎಡಗೈಯಿಂದ ಒತ್ತಿದ ಅಕ್ಷರಗಳಷ್ಟನ್ನೇ ಹಿಡಿದು ಊಹಿಸಿ ನೋಡಿದೆವು. ಏನೂ ಆಗಲಿಲ್ಲ.

ಕಾರ್ಯದರ್ಶಿಗಳಿಗೆ ತಡೆಯಲಾಗಲಿಲ್ಲ. ಅಣ್ಣನ ಮನೆಯ ಜಗಲಿಯಲ್ಲೇ ನನ್ನ ಹತ್ತಿರ ಹೇಳಿದರು. "ಆ ಕಂಪನಿಯವರು ಬೀಗ ಹಾಕಿ ಹೋದರು. ಇವರೂ ಬೀಗ ಹಾಕಿ ಹೋಗ್ತಾರೆ. ನಮಗೆ ಎಂತ ವ್ಯತ್ಯಾಸ ಆಯ್ತು ಹೇಳಿ?"

ಒಳಗಿನಿಂದ ಅಣ್ಣನ ಧ್ವನಿ ಬಂತು. "ವ್ಯತ್ಯಾಸ ಆಗಲಿಲ್ಲ. ನೀವು ಹೇಳಿದ್ದು ಸರಿ."

ಕಾರ್ಯದರ್ಶಿಗಳು ಅಲ್ಲೇ ಕಂಬಕ್ಕೆ ಒರಗಿದರು. ಒಳಗೆ ಹೋಗುವ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ನಾವು ನರ್ಸುಗಳು ನೋಡುವ ಮನೆಗಳು ನಮ್ಮ ನಮ್ಮ ತಲೆಯಲ್ಲಿ ಇದ್ದವು. ಆದರೆ ಉಳ್ಳಾಲದ ಕಡೆ ನೋಡುತ್ತಿದ್ದ ಸಿಸ್ಟರ್ ಅದೇ ಬೇಸಿಗೆಯಲ್ಲಿ ಗಲ್ಫಿಗೆ ಹೋಗಿದ್ದರು. ಅವರಿಗೆ ಫೋನ್ ಮಾಡಿದೆವು. ನೆನಪಿದ್ದಷ್ಟು ಹೇಳಿದರು, ಅತ್ತರು. ಹೊಸದಾಗಿ ಬಂದ ಸಿಸ್ಟರಿಗೆ ಆ ಮನೆಗಳ ಗುರುತೇ ಇಲ್ಲ. ಆ ಕಡೆ ಹೋಗುತ್ತಿದ್ದದ್ದು ದಿನಕ್ಕೊಂದು ಬಾಡಿಗೆ ವ್ಯಾನು, ದಿನೇಶನಿಗೂ ಗುರುತಿಲ್ಲ. ಫೋನ್ ಇದ್ದವರು ತಾವಾಗಿ ಕರೆದರು, ಮಾತ್ರೆ ಮುಗಿಯಿತು, ಯಾಕೆ ಬರಲಿಲ್ಲ ಎಂದು. ಫೋನ್ ಇಲ್ಲದವರು, ಇದ್ದರೂ ಮಾಡುವವರಿಲ್ಲದವರು ಹಾಗೆಯೇ ಉಳಿದರು. ಮಾರ್ಫಿನ್ ನಿಂತರೆ ನೋವು ಹೇಗೆ ತಿರುಗಿ ಬರುತ್ತದೆ ಎಂದು ನೋಡಿದವರಿಗೆ ಮಾತ್ರ ಗೊತ್ತು.

ಅದನ್ನು ಕೇಳಿದ ಮೇಲೆ ಅಣ್ಣ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದರು. ಕಣ್ಣು ಮುಚ್ಚಿಕೊಂಡು ಮನೆಗಳನ್ನು ಹೇಳತೊಡಗಿದರು. ಆ ಸಿಸ್ಟರ್ ಜೊತೆಗೂ ವ್ಯಾನಿನಲ್ಲಿ ಹೋಗಿ ಜಗಲಿಯಲ್ಲಿ ಕೂತ ಮನೆಗಳು. ಪಾಸ್‌ವರ್ಡ್ ಹೋದ ತಲೆಯಲ್ಲಿ ಆ ಮನೆಗಳು ಇನ್ನೂ ಇದ್ದವು. "ದರ್ಗಾ ದಾಟಿ ಎಡಕ್ಕೆ. ಬಲೆ ಒಣಗಿಸ್ತಾರೆ ಅಂಗಳದಲ್ಲಿ. ನೀಲಿ ಬಾಗಿಲು. ಗಂಡಸು, ಗಂಟಲಿನದ್ದು. ಸೊಸೆ ಮೀನಿಗೆ ಹೋದರೆ ಯಾರೂ ಇರೂದಿಲ್ಲ."

ದಿನೇಶ ಮತ್ತು ನಾನು ಹೋದೆವು. ನೀಲಿ ಬಾಗಿಲು ಇತ್ತು. ಆ ಮನುಷ್ಯ ಗೋಡೆಯ ಕಡೆ ತಿರುಗಿ, ಮೈ ಒರೆಸುವ ಬೈರಾಸನ್ನು ಹಲ್ಲಿನಲ್ಲಿ ಕಚ್ಚಿ ಮಲಗಿದ್ದರು. ನಮ್ಮನ್ನು ಕಂಡು ಬೈಯಲಿಲ್ಲ, ಅಳಲಿಲ್ಲ. ಮಾತ್ರೆಗಾಗಿ ಅಂಗೈಯನ್ನು ಚಾಚಿದರು ಅಷ್ಟೇ. ಮಾತ್ರೆ ನುಂಗಿಸಿ, ನೋವು ಇಳಿಯುವವರೆಗೆ ಪಕ್ಕದಲ್ಲಿ ಕೂತೆ. ದಿನೇಶ ಹೊರಗೆ ವ್ಯಾನಿನಲ್ಲಿ ಸ್ಟೇರಿಂಗಿಗೆ ಹಣೆ ಇಟ್ಟು ಕೂತಿದ್ದ.

ಹಾಗೆ ಅಣ್ಣ ದಿನಕ್ಕೆ ಕೆಲವು ಮನೆಗಳನ್ನು ಹೇಳಿದರು, ನಾವು ಹೋಗಿ ಹುಡುಕಿದೆವು. ಬರಬರುತ್ತ ಅವರ ಕನ್ನಡ ಹೋಯಿತು, ತುಳು ಮಾತ್ರ ಉಳಿಯಿತು. ಮನೆಗಳು ಒಂದರೊಳಗೊಂದು ಸೇರತೊಡಗಿದವು. ಎಂದೋ ತೀರಿಕೊಂಡವರ ಮನೆಗೆ ದಾರಿ ಹೇಳುತ್ತಿದ್ದರು. ನಾವು ಹೋಗಿ ಬಾಗಿಲು ತಟ್ಟಿದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಇರುತ್ತಿತ್ತು. ಕ್ಷಮಿಸಿ ಎಂದು ಇಳಿದು ಬರುತ್ತಿದ್ದೆವು. ಒಂದು ಮಧ್ಯಾಹ್ನ ಕುಲಶೇಖರದ ಒಂದು ಮನೆ ಹೇಳಿದರು. ಮೆಟ್ಟಿಲ ಹತ್ತಿರ ಪೇರಳೆ ಮರ, ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ, ಹೆಂಗಸು, ಸಂಜೆಯಾದರೆ ನೋವು ಹೆಚ್ಚು. ನಾನು ತಲೆ ಎತ್ತಿ ನೋಡಿದೆ. ಅದು ನಾವು ಕೂತಿದ್ದ ಮನೆ, ಅದು ಅವರು ಮಲಗಿದ್ದ ಮಂಚ.

"ಅಳೆನ್ ತೂಯೆರೆ ಏರ್ ಪೋಪೆರ್?" ಎಂದು ಕೇಳಿದರು. ಅವಳನ್ನು ನೋಡಲಿಕ್ಕೆ ಯಾರು ಹೋಗ್ತಾರೆ ಎಂದು.

"ನಾನೇ ಹೋಗ್ತೇನೆ ಅಣ್ಣ" ಎಂದು ತುಳುವಿನಲ್ಲೇ ಹೇಳಿದೆ. ಅವರ ತಂಗಿ ಅಡಿಗೆಮನೆಗೆ ಹೋಗಿ ನಳ್ಳಿ ನೀರು ಬಿಟ್ಟು ನಿಂತರು. ನೀರಿನ ಸದ್ದಿನಲ್ಲಿ ಅಳು ಕೇಳಬಾರದು ಎಂದು.

ಆ ವಾರ ಕಮಿಟಿ ಸೇರಿತು. ಯಾವುದಾದರೂ ದೊಡ್ಡ ಕಂಪನಿಯ ಸಾಫ್ಟ್‌ವೇರಿಗೇ ಹೋಗುವ ಎಂದು ಕೆಲವರು ಹೇಳಿದರು. ಅಷ್ಟರಲ್ಲಿ ಇಗರ್ಜಿಯ ಫ್ಲೇವಿ ಬಾಯಿ ವ್ಯಾನಿಟಿ ಬ್ಯಾಗಿನಲ್ಲಿ ಅದೇ ಸಾಫ್ಟ್‌ವೇರ್ ಇದ್ದ ಪೆನ್‌ಡ್ರೈವ್ ಹಾಕಿಕೊಂಡು ಬಂದರು. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಬಂದಿದ್ದರು.

"ಒಳಗಿದ್ದ ಹೆಸರುಗಳು ಹೋದವು, ಅದಕ್ಕೆ ನಾನು ಎಂತ ಮಾಡ್ಲಿಕ್ಕೂ ಆಗೂದಿಲ್ಲ. ಸಾಫ್ಟ್‌ವೇರ್ ಹೋಗ್ಲಿಲ್ಲವಲ್ಲ. ಅದನ್ನು ಯಾರ ಹತ್ರವೂ ಕೇಳ್ಬೇಕು ಅಂತ ಇಲ್ಲ. ನಾನು ಹಾಕಿ ಕೊಡ್ತೇನೆ. ನಿಮ್ಮಲ್ಲಿ ಯಾರು ಕಲೀತೀರಿ, ಈಗಲೇ ಹೇಳಿ" ಎಂದರು. ಕಾರ್ಯದರ್ಶಿಗಳು ಮೊದಲು ಕೈ ಎತ್ತಿದರು. ನಾನು ಎತ್ತಿದೆ. ದಿನೇಶನೂ ಎತ್ತಿದ.

ಹೊಸ ಕಂಪ್ಯೂಟರಿನಲ್ಲಿ ಎಲ್ಲ ಹೊಸತಾಗಿ ಕೂತ ಮೇಲೆ ಅಣ್ಣನಿಗೆ ಹೇಳಲಿಕ್ಕೆ ಹೋದೆ. ಆಗ ಅವರು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದರು. ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಫ್ಲೇವಿ ಬಾಯಿ ಬಂದದ್ದು, ಮೂವರು ಕಲಿತದ್ದು, ಪಾಸ್‌ವರ್ಡ್ ಮೂವರ ಹತ್ತಿರ ಇರುವುದು. ಕೇಳಿಸಿತೋ ಇಲ್ಲವೋ ಎಂದುಕೊಂಡು ಏಳುವಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಕಂಪ್ಯೂಟರಿನ ಒಳಗೆ ಯಾರೆಲ್ಲ ಇದ್ದಾರೆ ಎಂದು ಕೇಳಿದರು.

"ಸಿಕ್ಕಿದವರು ಎಲ್ಲ ಇದ್ದಾರೆ ಅಣ್ಣ."

"ತಿಕ್ಕಂದಿನಕುಲು?"

ಸಿಗದವರು ಎಂದರೆ ಯಾರು ಯಾರು ಎಂದು ನನಗೆ ಗೊತ್ತಿರಲಿಲ್ಲ. ಇನ್ನೂ ಇದ್ದಾರೆ ಎಂದು ಮಾತ್ರ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು. ಅವರ ಮುಖ ನೋಡಿ ಮನಸ್ಸು ಬರಲಿಲ್ಲ. "ಇದ್ದಾರೆ" ಎಂದೆ.

"ನಾಡ್ಲೆ" ಎಂದರು. ಹುಡುಕಿ ಎಂದು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಅವರನ್ನು ಸ್ಮಶಾನಕ್ಕೆ ಕಳಿಸಿಕೊಟ್ಟ ಮರುದಿನವೂ ಹುಡುಕಿದೆವು. ಮಳೆಗಾಲ ಮುಗಿಯುವವರೆಗೆ ಹುಡುಕಿದೆವು. ಹೊಸ ಕಂಪ್ಯೂಟರಿನಲ್ಲಿ ಕೆಲವು ಕಡೆ ಬರೇ ಹೆಸರು ಉಂಟು. ಯಾರಿಗೋ ಅಷ್ಟು ನೆನಪಿತ್ತು, ಊರು ನೆನಪಿರಲಿಲ್ಲ. ಅವರಲ್ಲಿ ಈಗ ಯಾರೂ ಬದುಕಿ ಇರಲಾರರು. ಇನ್ನು ಅಳಿಸಿಬಿಡುವ ಎಂದು ಕಾರ್ಯದರ್ಶಿಗಳು ಒಮ್ಮೆ ಹೇಳಿದರು, ತಾವೇ ಕೂತರು, ಅಳಿಸದೆ ಎದ್ದರು. ನಾನೂ ಅಳಿಸಿಲ್ಲ. ಆ ಹೆಸರುಗಳವರು ಆ ದಿನಗಳಲ್ಲಿ ಎಲ್ಲೋ ಒಂದು ಕೋಣೆಯಲ್ಲಿ, ವ್ಯಾನಿನ ಸದ್ದು ಕೇಳಿದಾಗಲೆಲ್ಲ ನಾವೇ ಬಂದೆವೆಂದು ಬಾಗಿಲ ಕಡೆ ತಿರುಗಿರಬೇಕು.